ಬೆನ್ನಿಗೆ ಕೊಟ್ಟ ಲಾಡು

ಮಿರಜ, ಜುಲೈ ೧೧, ಗುರುವಾರ

ನಿನ್ನೆಯಿಂದ ಚುಚ್ಚುತ್ತಿದ್ದ ಮುಳ್ಳು ಈಗ ಸಡಿಲವಾಗಿದೆ. ನಿನ್ನೆ ಮೊಮ್ಮಗಳು ಓವಿ ಬಾಲವಾಡಿಯಿಂದ ಬಂದವಳೇ, "ಆಜೀ, ಟೀಚರು ಇವತ್ತೂ ಲಾಡು ಕೊಟ್ರು" ಅಂದಳು.

"ಪುಣ್ಯವಂತೆ! ನನಗೊಂದು ತರಬಾರದಿತ್ತೇನೇ?"

"ತಿನ್ನೋದಲ್ಲ ಆಜೀ, ಧಮ್ಮಕ್ ಲಾಡು" ಅಂತ ಬೆನ್ನು ತೋರಿಸಿದಳು. ಗುದ್ದಿಗೆ ಹಾಗೆ ಹೆಸರಿಟ್ಟು ನಗುವುದು ನಮ್ಮ ಕಡೆ ಎಲ್ಲ ಮನೆಯ ರೂಢಿ. ಆದರೆ ಬೆನ್ನು ಕೆಂಪಾಗಿತ್ತು. ಇನ್ನು ಬಾಲವಾಡಿಗೆ ಹೋಗುವುದೇ ಇಲ್ಲವಂತೆ.

ಮಗ ಸಂಗ್ರಾಮ ಆಗಲೇ ಚಪ್ಪಲಿ ಮೆಟ್ಟಿದ್ದ. ಸೊಸೆ ಪ್ರಣಾಲಿ ತಡೆದಳು. "ಅಹೋ, ನೀವು ಕೂಗಾಡಿದ್ರೆ ಅವರೂ ಕೂಗಾಡ್ತಾರೆ. ನಾಳೆ ನಾನು ಮಾತಾಡ್ತೀನಿ, ನೀವು ಪಕ್ಕದಲ್ಲಿ ತೆಪ್ಪಗೆ ನಿಂತ್ಕೊಳ್ಳಿ."

ಇವತ್ತು ಅವರಿಬ್ಬರೂ ಓವಿಯನ್ನು ಕರೆದುಕೊಂಡು ಹೊರಟಾಗ ನಾನೂ ಹೋದೆ. ಪ್ರಣಾಲಿ ಮಗುವಿನ ಬೆನ್ನಿನ ಮಾತೆತ್ತಿದ್ದೇ ನಳಿನಿ ಟೀಚರು ನಕ್ಕುಬಿಟ್ಟರು. "ಪ್ರೀತಿಯಿಂದ ಕೊಟ್ಟ ಲಾಡು ಕಣಮ್ಮಾ. ನಾವೆಲ್ಲ ಅದನ್ನ ತಿಂದೇ ಬೆಳೆದಿಲ್ವಾ?"

ಪ್ರಣಾಲಿ ದನಿ ಏರಿಸಲಿಲ್ಲ. "ಗುದ್ದಿಗೆ ಸಿಹಿ ಹೆಸರಿಟ್ರೆ ಮಗು ನೋವಾಯ್ತು ಅಂತ ಹೇಗೆ ಹೇಳುತ್ತೆ ಟೀಚರ್? ಇವಳು ಹೇಳಿದಾಗ ಮನೇಲಿ ಅಜ್ಜಿ ಖುಷಿಪಟ್ರು."

ಬಾಗಿಲಲ್ಲಿದ್ದ ಇನ್ನೊಬ್ಬ ತಾಯಿ, "ನಮ್ಮವನೂ ಲಾಡು ಅಂತಿದ್ದ. ನಾನೂ ನಕ್ಕಿದ್ದೆ" ಅಂದಳು.

ಟೀಚರ ನಗು ನಿಂತಿತು. ಓವಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ನಿನಗೆ ಹೊಡೆದೆ ಮಗಾ. ತಪ್ಪಾಯ್ತು. ಇನ್ನು ಯಾರಿಗೂ ಹೊಡೆಯಲ್ಲ."

ಓವಿ ಅಮ್ಮನ ಮುಖ ನೋಡಿದಳು. "ನೀನು ಇಲ್ಲೇ ಇರ್ತೀಯಾ?" ಅಂತ ಕೇಳಿ ಒಳಗೆ ಹೋದಳು. ಪ್ರಣಾಲಿ ಬಾಲವಾಡಿ ಬಿಡುವವರೆಗೂ ಹೊಸ್ತಿಲ ಮೇಲೆಯೇ ಕೂತಿದ್ದಳು.

ಮದುವೆಯಾಗಿ ಬಂದಾಗ ಈ ಹುಡುಗಿಗೆ ಮಾತೇ ಬಾರದು ಅಂದುಕೊಂಡಿದ್ದೆ. ವಿಠ್ಠಲಾ, ಎಂಥವಳನ್ನು ನಮ್ಮ ಮನೆಗೆ ಕಳಿಸಿದೆಯಪ್ಪಾ. ಬೆಳಿಗ್ಗೆ ಎದ್ದಕೂಡಲೇ ಅವಳಿಗೆ ಹೇಳಬೇಕು, ಆದರೆ ಏನಂತ ಹೇಳಲಿ, ಎದುರಿಗೆ ಬಂದರೆ ನನಗೇ ಮಾತು ಬಾರದು.