ಔಷಧವಿಲ್ಲದ ಗುಂಪು

೧೨ ಸೆಪ್ಟೆಂಬರ್ ೨೦೦೪, ಕಾರವಾರ

ಇವತ್ತೂ ಸಗಣಿಯ ಡಬ್ಬಿಗಳೊಂದಿಗೆ ಅಂಕೋಲೆ ಬಸ್ಸು. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಹರಿದ. ನಲವತ್ತೆಂಟಕ್ಕೆ ಪಿಎಚ್.ಡಿ. — ಕಾಲೇಜಿನಲ್ಲಿ ಎಲ್ಲರಿಗೂ ತಮಾಷೆ.

ಚೀಟಿ ಎತ್ತಿ ಅಂಕೋಲೆ ಹತ್ತಿರದ ಕೇರಿಯ ದನಗಳನ್ನು ಎರಡು ಗುಂಪು ಮಾಡಿದ್ದಾಯಿತು. ಒಂದಕ್ಕೆ ಲಿವರಿನ ಹುಳಕ್ಕೆ ಔಷಧ. ಇನ್ನೊಂದಕ್ಕೆ ಸಂಕ್ರಾಂತಿಯವರೆಗೆ ಏನೂ ಇಲ್ಲ. ಹುಳ ತಾನಾಗಿ ಹೇಗೆ ನಡೆದುಕೊಳ್ಳುತ್ತದೆ, ನೋಡಬೇಕು. ಕೇರಿಯ ಹೊನ್ನಿಯ ಹಸು ಕೆಂಪಿಗೂ ಅದರ ಕಡಸಿಗೂ ಎರಡನೆಯ ಗುಂಪು ಬಂತು. ಬೇರೆ ಯಾರ ಔಷಧವನ್ನೂ ಕುಡಿಸಬಾರದೆಂದು ಮನೆಮನೆಗೆ ಹೋಗಿ ಮಾತು ತೆಗೆದುಕೊಂಡೆ. ಹೊನ್ನಿಯ ಅತ್ತೆ ಬೀರಿ, "ಅಕ್ಕೋರಿಗೆ ಕಾರವಾರದಲ್ಲಿ ಸಗಣಿ ಸಿಕ್ಕೂದಿಲ್ಲ ಕಾಣ್ತದೆ" ಎಂದು ಎಲ್ಲರನ್ನೂ ನಗಿಸಿದಳು.

೩ ಅಕ್ಟೋಬರ್

ಗದ್ದೆಯ ಬಸವನಹುಳುಗಳನ್ನು ಸೀಳುತ್ತ ಕುಳಿತಿದ್ದೆ. ಮರಿಹುಳ ಮೊದಲು ಇವುಗಳೊಳಗೆ, ಆಮೇಲೆ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ. ಎಷ್ಟು ತಾಳ್ಮೆ... ಉಣ್ಣುವ ಮನೆ ಕುಸಿಯದಷ್ಟೇ ಉಣ್ಣುತ್ತದೆ ಎನ್ನುತ್ತಾರೆ. ಬಿಡುವಿನಲ್ಲಿ ಓದಲೆಂದು ತಂದ ಕವನದ ಪುಸ್ತಕ ಪಕ್ಕದಲ್ಲೇ ಇತ್ತು. ತೆರೆಯಲಿಲ್ಲ.

೨೯ ಅಕ್ಟೋಬರ್

ಕೆಂಪಿಯ ದವಡೆಯ ಕೆಳಗೆ ನೀರು ತುಂಬಿದ ಚೀಲದಂಥ ಬಾವು, ಹುಳ ಅತಿಯಾದ ಲಕ್ಷಣ. ಪಕ್ಕೆಲುಬೆಲ್ಲ ಎದ್ದಿವೆ. ಔಷಧ ನನ್ನ ಬ್ಯಾಗಿನಲ್ಲೇ ಇತ್ತು.

ಎಸ್‌ಟಿಡಿ ಬೂತಿನಿಂದ ಗೈಡ್ ಮಧುಕೇಶ್ವರ ಸರ್‌ಗೆ ಫೋನ್ ಮಾಡಿದೆ. ನಿರ್ಧಾರ ನಿಮ್ಮದು ಎಂದರು. ಆದರೆ ಆ ಗುಂಪು ಮೊದಲೇ ಚಿಕ್ಕದು ಮೇಡಂ, ಎಂದೂ ಸೇರಿಸಿದರು. ಇನ್ನೊಂದು ವಾರ ನೋಡೋಣ ಅಂದುಕೊಂಡೆ. ಬ್ಯಾಗಿನ ಜಿಪ್ ಎಳೆದು ಬಸ್ಸು ಹತ್ತಿದೆ.

೮ ನವೆಂಬರ್

ಕೆಂಪಿ ಹೋಯಿತು. ನಾನು ತಲುಪುವಷ್ಟರಲ್ಲಿ ಗುಂಡಿ ತೋಡಿದ್ದರು. ಪರೀಕ್ಷೆಗೆ ಅದರ ಲಿವರ್ ಬೇಕಿತ್ತು, ಕೇಳಲಿಲ್ಲ. ಹೊನ್ನಿಯೇ ಕೇಳಿದಳು, ಬೇಕಾ ಎಂದು. ಬೇಡ ಎಂದೆ.

ಕಳೆದ ವಾರ ಕೇರಿಯಲ್ಲಿ ದನದ ಡಾಕ್ಟರ ಶಿಬಿರವಿತ್ತಂತೆ, ಹೊನ್ನಿ ಹೇಳಿದಳು.

"ಅವ್ರು ಬಾಟ್ಲಿ ತಕಂಡೇ ಬಂದಿದ್ರು. ನಾ ಬ್ಯಾಡ ಅಂದೆ. ಅಕ್ಕೋರಿಗೆ ಮಾತು ಕೊಟ್ಟದೆ ಅಂದೆ."

ದನಿಯಲ್ಲಿ ದೂರು ಇರಲಿಲ್ಲ.





೨೧ ನವೆಂಬರ್

ಔಷಧವಿಲ್ಲದ ಗುಂಪಿನ ಸಗಣಿಯಲ್ಲಿ ಹುಳದ ಮೊಟ್ಟೆಗಳೇ ಕಾಣುತ್ತಿಲ್ಲ — ಹೊನ್ನಿಯ ಕಡಸಿನದರಲ್ಲಿ ಬಿಟ್ಟು. ಮನೆಮನೆಗೆ ಹೋಗಿ ಕೇಳಿದೆ. ಎಲ್ಲರೂ ಶಿಬಿರದ ಔಷಧ ಕುಡಿಸಿದ್ದಾರೆ. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ ಎಂದರು. ಅವರದು ತಪ್ಪೇನು? ಅವರ ದನಗಳು ಬದುಕಿವೆ.

ಮಾತು ಉಳಿಸಿದವಳು ಹೊನ್ನಿ ಒಬ್ಬಳೇ. ಹೋಲಿಸಲು ಇನ್ನು ಏನೂ ಉಳಿದಿಲ್ಲ, ಅಧ್ಯಯನ ಕೆಟ್ಟಿತು. ಕೆಂಪಿ ಯಾವುದಕ್ಕೂ ಅಲ್ಲದೆ ಸತ್ತಿತು.

೨೩ ನವೆಂಬರ್, ಸಂಜೆ

ಕಡಸಿಗಾದರೂ ಕುಡಿಸೋಣವೆಂದು ಹೋದೆ. ಹೊನ್ನಿ ಅದನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ಸಂಕ್ರಾಂತಿ ಬಂದಿಲ್ಲವಲ್ಲ ಎಂದಳು.

"ಕೆಂಪಿ ಹೋದದ್ದು ಹೋಯ್ತು. ಸುಮ್ನೆ ಹೋಯ್ತು ಅಂತ ಆಗೂದು ಬ್ಯಾಡ್ರಾ ಅಕ್ಕೋರೆ. ನಿಮ್ಮ ಕೆಲ್ಸ ಪೂರಾ ಆಗ್ಲಿ."

ಪೂರಾ ಆಯಿತು, ಕೆಂಪಿಯಿಂದಲೇ ಆಯಿತು ಎಂದೆ. ಆಗ ಕಡಸಿನ ಬಾಯಿಯನ್ನು ತಾನೇ ಬಿಡಿಸಿ ಹಿಡಿದಳು. ಕುಡಿಸಿದೆ. ಬೀರಿ ಎಳನೀರು ಕೆತ್ತಿ ಕೊಟ್ಟಳು. ನಾನು ಬರೆದದ್ದನ್ನು ತಂದು ಹೊನ್ನಿಗೆ ಒಮ್ಮೆ ಓದಿ ಹೇಳಬೇಕಂತೆ. ಕೆಂಪಿಯ ಹೆಸರು ಎಲ್ಲಿ ಬರುತ್ತದೋ ಅಷ್ಟು ಸಾಕಂತೆ.

ಒಪ್ಪಿಕೊಂಡು ಬಂದಿದ್ದೇನೆ.

೫ ಡಿಸೆಂಬರ್

ಅಂಕೋಲೆ ತಲುಪುವ ಮೊದಲೇ, ತೋಡೂರಿನಲ್ಲಿ ಬಸ್ಸಿಳಿದು ವಾಪಸು ಬಂದೆ.

೧೨ ಡಿಸೆಂಬರ್, ಬೆಳಿಗ್ಗೆ

ಇವತ್ತು ಹೋಗಲೇಬೇಕು. ಬಸ್ಸಿಗೆ ಇನ್ನೂ ಹೊತ್ತಿದೆ. ಹೊನ್ನಿಗೆ ಹೇಳಬೇಕಾದ ನಿಜದ ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದು ಬಾಯಿಪಾಠ ಮಾಡಿಕೊಳ್ಳುತ್ತೇನೆ.

ಹೊನ್ನಿ, ಕೆಂಪಿಯ ಹೆಸರು ಎಲ್ಲೂ