ಅವ್ವನ ಬಾಜೂಕ ನಿಂತ ಫೋಟೊ

ಸುರಪುರ
೨೦ ಮೇ ೨೦೨೫

ಪ್ರೀತಿಯ ಬುದ್ಧಣ್ಣಗ, ನಿನ್ನ ತಂಗಿ ಪಂಚಶೀಲಾ ಮಾಡೋ ಜೈಭೀಮ್.

ಪುಣೆದಾಗ ನಿನ್ನ ತಬ್ಯೇತಿ ಹ್ಯಾಂಗದ? ಮೆಸ್ಸಿನ ಊಟಕ್ಕ ಹೊಟ್ಟಿ ಉರೀತದ ಅಂದಿದ್ದಿ, ಕಡಿಮಿ ಆತೇನ? ವಾಟ್ಸಾಪಿನಾಗ ಬರದ್ರ ನೋಡ್ತಿ, ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮಾಗ್ತಿ. ಅದಕ್ಕ ಈ ಸಲ ಕಾಗದ ಬರದೀನಿ. ಇದನ್ನಾದ್ರೂ ಪೂರಾ ಓದು.

ನನ್ನ ಅಂಗಡಿ ಸುದ್ದಿ ಕೇಳಬ್ಯಾಡ, ತಲಿ ಕೆಟ್ಟು ಹೋಗ್ಯಾದ. ಡಿಸೈನ್ ಕಲ್ತು ಬಂದಾಕಿ ನಾನು, ಈಗ ದಿನಾ ಮಂದಿ ಮುಖ ಕತ್ತರಿಸಿ ಮಂದಿ ಬಾಜೂಕ ಹಚ್ಚೋದ ಆಗ್ಯಾದ. ಹುಟ್ಟುಹಬ್ಬದ ಫ್ಲೆಕ್ಸಿಗೆ ಬಂದವರು ಗೆಳ್ಯಾರ ಫೋಟೊ ರಾಶಿ ಕಳಿಸ್ತಾರ, ಒಬ್ಬನ ಮುಖ ತಟಗು ಸಣ್ಣದಾದ್ರ ಸಂಜಿಕ ಜಗಳಕ್ಕ ಬರ್ತಾರ. ಹುಣಸಗಿ ಖಾರಪುಡಿ ಮಾಲಕ ಯಂಕಣ್ಣ, ಪಾಕೀಟಿನ ಮ್ಯಾಲಿನ ಮೆಣಸಿನಕಾಯಿ ಇನ್ನಾ ಕೆಂಪ ಮಾಡ್ರಿ, ಇನ್ನಾ ಕೆಂಪ ಮಾಡ್ರಿ ಅಂತ ಬಾಜೂಕ ಕುಂತುಬಿಟ್ಟ. ಇದಕ್ಕಿಂತ ಕೆಂಪ ನನ್ನ ಕಂಪ್ಯೂಟರಿನಾಗ ಇಲ್ರಿ ಅಂದ್ರ, ಚಲೋ ಕಂಪ್ಯೂಟರ್ ತೊಗೋಬೇಕಾಗಿತ್ತವ್ವಾ ಅಂದ! ಹೊಲಿಗಿ ಕಲಿಸೋ ಕುಬ್ರಾಬೇಗಂ ಒಬ್ಬರು ಮಾತ್ರ, ನಾ ಮಾಡಿಕೊಟ್ಟ ಬೋರ್ಡ್ ನೋಡಿ ಛಂದ ಅದ ಅಂದು ಚಾ ಕಳಿಸಿದ್ರು. ಅವರ ಪುಣ್ಯ ಇನ್ನೂ ಅಂಗಡಿ ತೆಗೀತೀನಿ.

ನನಗಂತ ಒಂದು ಕೆಲಸ ಮಾಡಾಕತ್ತೇನಿ. ಹಳೀ ಸೀರಿ ತುಂಡು ಕೂಡಿಸಿ ಅವ್ವ ಹೊಲಿದ ಕೌದಿಗಳ ಫೋಟೊ ತೆಗದು, ಆ ತುಂಡುಗಳಿಂದ ಕನ್ನಡ ಅಕ್ಷರ ಕೂಡಿಸೋದು. ಲಗ್ನದ ಕಾರ್ಡಿಗೆ ಆ ಅಕ್ಷರ ಹಾಕಿ ತೋರಿಸಿದ್ರ, ಕಕ್ಕೇರಾ ಊರಿನ ಗಿರಾಕಿಗೋಳು "ಶುಭಕಾರ್ಯಕ್ಕ ಹರಕ ಅರಿಬಿ ಯಾಕ್ರಿ" ಅಂದ್ರು. ಮೈಯೆಲ್ಲಾ ಉರೀತು. ಅವ್ವಗ ಇದನ್ನ ಹೇಳಿಲ್ಲ. ಇನ್ನೊಂದಿಷ್ಟು ಅಕ್ಷರ ಬಾಕಿ ಅದಾವ, ಆದ್ರ ಹೊಸಾ ಕೌದಿ ಎಲ್ಲಿಂದ ತರಲಿ? ಅವ್ವಗ ಈಗ ಸೂಜ್ಯಾಗ ದಾರ ಪೋಣಿಸಾಕ ಬರವಲ್ದು. ಕಣ್ಣಿನಾಗ ಒತ್ತಡ ಏರ್ಯಾದ, ಹೋದ ದೃಷ್ಟಿ ತಿರುಗಿ ಬರಂಗಿಲ್ಲ, ಉಳದಿದ್ದು ಉಳಿಸ್ಕೋಬೇಕು ಅಂತ ಯಾದಗಿರಿ ಡಾಕ್ಟರ್ರು ಅಂದಿದ್ದು ನಿನಗ ಹೇಳಿದ್ನಲ್ಲ. ದಿನಾ ಹನಿ ಹಾಕ್ತೀನಿ. ನೀ ಏನಂದಿ? ನೋಡೂಣು, ಬರ್ತೀನಿ ಅಂದಿ.

ಬರ್ತೀನಿ ಅಂದಾವ ಕಳಿಸಿದ್ದೇನು? ನಿನ್ನ ಫೋಟೊ! "ಬುದ್ಧ ಪೂರ್ಣಿಮಿಗೆ ಬರಾಕ ಆಗಲಿಲ್ಲ, ಅವತ್ತು ತೆಗದ ಮನಿಮಂದಿ ಫೋಟೊದಾಗ ಅವ್ವನ ಬಾಜೂಕ ನನ್ನನ್ನ ಸೇರಿಸಿಬಿಡು, ನಿನಗೇನು ದೊಡ್ಡ ಕೆಲಸ." ಅಣ್ಣಾ, ಕಡೀಕ ನೀನೂ ಗಿರಾಕಿ ಆದೇನ? ಬಂದ ಸಿಟ್ಟಿಗೆ ಮೊಬೈಲ್ ಒಗದಿದ್ದೆ. ಆದ್ರೂ ಮಾಡ್ದೆ. ಗ್ವಾಡಿಗೆ ಹಾಕಿದ್ರ ಅವ್ವಗ ಸಮಾಧಾನ ಆದೀತು ಅಂತ ಮಾಡ್ದೆ. ಅವತ್ತಿನ ಬಿಸಿಲು ನಿನ್ನ ಮುಖದ ಮ್ಯಾಲೂ ಬೀಳಂಗ, ಅವ್ವನ ಸೆರಗು ನಿನ್ನ ಅಂಗಿಗೆ ತಾಕಂಗ ನಿಲ್ಲಿಸೀನಿ. ಇಷ್ಟು ಛಂದ ಕೆಲಸ ಯಾವ ಗಿರಾಕಿಗೂ ಮಾಡಿಲ್ಲ. ಒಂದು ಪ್ರತಿ ಇದರ ಜೋಡಿ ಇಟ್ಟೀನಿ, ಹಚ್ಚಿದ ಗುರುತು ಎಲ್ಲಾದ್ರೂ ಕಾಣ್ತದೇನ ಹುಡುಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೇಣಮ್ಮ ಕಾಕಿ ನಿನ್ನ ಕೇಳ್ಯಾಳ. ಎಷ್ಟ ಬೈದ್ರೂ ನಿನ್ನ ಮ್ಯಾಲ ಜೀವ ಅದ ನನಗ.

ನಿನ್ನ ತಂಗಿ
ಪಂಚಶೀಲಾ

ತಾ.ಕ.: ಪೋಸ್ಟಿಗೆ ಹೊಂಟಾಕಿ ಲಕೋಟಿ ಮತ್ತ ಬಿಚ್ಚೀನಿ. ಈಗ ಅವ್ವಗ ಫೋಟೊ ಕೊಟ್ಟೆ. ಬೆಳಕಿಗೆ ತಿರುವಿ, ಮೂಗಿಗೆ ಹತ್ತೂವಷ್ಟು ಸಮೀಪ ಹಿಡದು ನೋಡಿದ್ಲು. ಖುಷಿ ಆಗ್ತಾಳಂತ ನಿಂತಿದ್ದೆ. "ಬುದ್ಧಪ್ರಿಯ ಬಂದಿದ್ನೇನ? ನನ್ನ ಬಾಜೂಕ ನಿಂತಾನ, ನನಗ ಕಾಣಲೇ ಇಲ್ಲಲ್ಲ! ಅಷ್ಟು ಹೋಗ್ಯಾವೇನ ನನ್ನ ಕಣ್ಣು? ನಾ ಮಾತಾಡಿಸಲಿಲ್ಲಂತ ಸಿಟ್ಟಾಗಿ ಹೋದ್ನೇನ?" ಅಂತ ಅಳಾಕ ಕುಂತಾಳ. ಅಂವ ಬಂದಿರಲಿಲ್ಲವ್ವಾ, ನಾನ ಹಚ್ಚೀನಿ ಅಂದ್ರ ನಂಬವಲ್ಲಳು. ನನ್ನ ಸಮಾಧಾನಕ್ಕ ಸುಳ್ಳು ಹೇಳ್ತಿ ಅಂತಾಳ. ಫೋನಿನಾಗ ನೀ ಹೇಳಿದ್ರೂ ಒಪ್ಪಂಗಿಲ್ಲ ಅಕಿ. ಯಾದಗಿರಿಗೆ ರೈಲು ಅದ, ಹತ್ತಿ ಬಾ ಅಣ್ಣಾ. ಅವತ್ತು ಬಂದಿರಲಿಲ್ಲ ಅಂತ, ಅಕಿ ಕೈ ಹಿಡದು ನೀನ ಹೇಳು.