ಮುಂದಕ್ಕೆ ಅಂತ ಬಿಟ್ಟ ಜಾಗ

ಅಪ್ಪಾ,

ಇವತ್ತು ನಿನ್ನ ಮಾತು ಮೀರಿದೆ. ನನ್ನ ಮುದಿ ಲ್ಯಾಪ್‌ಟಾಪ್ ಯಾವಾಗ ಕೈಕೊಡತ್ತೋ ಗೊತ್ತಿಲ್ಲ. ಅದರಲ್ಲಿರೋದನ್ನೆಲ್ಲ ಕಾಪಿ ಮಾಡಿಡೋಕೆ ಹಾರ್ಡ್ ಡ್ರೈವ್ ತರೋಣ ಅಂತ ಹೋಗಿದ್ದೆ. ಅಂಗಡಿಯವನು ವೇಗದ್ದೊಂದು ತೋರಿಸಿದ. "ಈ ಹಳೇ ಡಬ್ಬಕ್ಕೆ ಅದು ದಂಡ, ನನ್ನ ಹತ್ರ ಅಷ್ಟು ದುಡ್ಡೂ ಇಲ್ಲ" ಅಂದೆ. "ಹಾಗಾದ್ರೆ ದೊಡ್ಡದಾದ್ರೂ ತಗೊಳ್ಳಿ ಮೇಡಂ, ಮುಂದಕ್ಕೆ ಬೇಕಾಗತ್ತೆ" ಅಂದ.

ಥೇಟ್ ನೀನೇ! ನನ್ನ ಪ್ರತಿ ಫ್ರಾಕಿನ ಅಂಚಲ್ಲೂ ಬಟ್ಟೆ ಮಡಚಿ ಹೊಲಿದು, "ಬೆಳೀತಾಳೆ, ಆಮೇಲೆ ಬಿಚ್ಚಿದ್ರಾಯ್ತು" ಅಂತಿದ್ದ ದರ್ಜಿ ನೀನು. ನಾನು ಜಗ್ಗಲಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನೇ ತಂದೆ. ಬೈಕೋ.

ನೀನು ಹೋದ್ಮೇಲೆ ಉಳಿದಿರೋ ನಿನ್ನ ಫೋಟೊ, ಮಿಷನ್ ತುಳೀತಾ ನೀನು ನನ್ನ ರೇಗಿಸ್ತಿರೋ ವಿಡಿಯೊ, ಎಲ್ಲಾ ಅದರೊಳಗೆ ತುಂಬಿಸಿದೆ. ಇನ್ನೂ ಅರ್ಧ ಖಾಲಿ! ನೋಡು, ಗೆದ್ದೋಳು ನಾನೇ.

ಆ ಅರ್ಧಕ್ಕೆ ಏನು ತುಂಬಲಿ, ನೀನೇ ಹೇಳು.